ಇನ್ನೊಂದು ಹಾರ್ಡ್ ಡಿಸ್ಕ್ ಹಾಕುವ ಮುಂಚೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಡೆಸ್ಕ್‌ಟಾಪ್‌ಗೆ ಎರಡನೇ ಹಾರ್ಡ್ ಡಿಸ್ಕ್ ಹಾಕುವ ಬಗ್ಗೆಯೇ ಜಾಸ್ತಿ ಪತ್ರ ಬಂದಿವೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ದಾವಣಗೆರೆಯಿಂದ: ನಮಸ್ಕಾರ ಸರ್. ನಾನೂ ನಮ್ಮ ಯಜಮಾನರೂ ಸಣ್ಣ ಫೋಟೊ ಸ್ಟುಡಿಯೊ ನಡೆಸುತ್ತೇವೆ. ಮದುವೆ ಸೀಸನ್ ಮುಗಿಯುವಷ್ಟರಲ್ಲಿ ಕಂಪ್ಯೂಟರ್‌ನಲ್ಲಿ ಜಾಗವೇ ಇರಲ್ಲ. ಈಗ 4 ಟಿಬಿ ಹಾರ್ಡ್ ಡಿಸ್ಕ್ ತಂದಿದ್ದೇವೆ. ಅಂಗಡಿಯಲ್ಲಿ ಸಿಪಿಯು ಬಿಟ್ಟು ಹೋಗಿ, ಎರಡು ಮೂರು ದಿನ ಆಗುತ್ತೆ ಅಂತಾರೆ. ಒಳಗೆ ಗಿರಾಕಿಗಳ ಫೋಟೊ ಇವೆ, ಬಿಟ್ಟು ಬರೋಕೆ ಮನಸ್ಸಿಲ್ಲ. ನಾವೇ ಹಾಕಿಕೊಳ್ಳಬಹುದಾ? ಏನಾದರೂ ಸುಟ್ಟು ಹೋದರೆ ಅಂತ ಹೆದರಿಕೆ.

ಉತ್ತರ: ಖಂಡಿತ ಹಾಕಿಕೊಳ್ಳಬಹುದು. ಒಂದು ಸ್ಟಾರ್ ಸ್ಕ್ರೂಡ್ರೈವರ್, ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಒಂದು ಸಾಟಾ ಕೇಬಲ್, ನಾಲ್ಕು ಸ್ಕ್ರೂ, ಅವಸರ ಇಲ್ಲದ ಒಂದು ಮಧ್ಯಾಹ್ನ ಇದ್ದರೆ ಸಾಕು. ಹೆದರಿಕೆ ಇರಲಿ, ಆದರೆ ಎಲ್ಲಿ ಹೆದರಬೇಕು ಅಂತ ಗೊತ್ತಿರಲಿ. ಡಿಸ್ಕ್ ಕೂರಿಸುವಾಗ ಕಂಪ್ಯೂಟರ್ ಹಾಳಾಗುವುದು ಅಪರೂಪ. ಏನಾದರೂ ಸುಟ್ಟರೆ ಹೆಚ್ಚಾಗಿ ಪವರ್ ಕೇಬಲ್‌ನಿಂದ. ಅದಕ್ಕಿಂತ ಜಾಸ್ತಿ ಜನ ಕಳೆದುಕೊಳ್ಳುವುದು ಡೇಟಾ, ಅದೂ ಎಲ್ಲ ಜೋಡಿಸಿ ಆದಮೇಲೆ ಆರಾಮಾಗಿ ಕೂತು ಮೌಸ್ ಒತ್ತುವಾಗ, ಹೊಸ ಡಿಸ್ಕ್ ಅಂದುಕೊಂಡು ಹಳೆಯದನ್ನು ಫಾರ್ಮ್ಯಾಟ್ ಮಾಡಿ.

ಅದಕ್ಕೇ ಮೊದಲು ಬ್ಯಾಕಪ್. ಸ್ಕ್ರೂಡ್ರೈವರ್ ಹಿಡಿಯುವ ಮುಂಚೆಯೇ ಗಿರಾಕಿಗಳ ಕೆಲಸವನ್ನೆಲ್ಲ ಹೊರಗಿನ ಒಂದು ಯುಎಸ್‌ಬಿ ಡಿಸ್ಕ್‌ಗೆ ಹಾಕಿಕೊಳ್ಳಿ. ಜನರ ಮದುವೆ ಮತ್ತೆ ನಡೆಯುವುದಿಲ್ಲ, ಆ ಫೋಟೊ ಹೋದರೆ ಹೋದ ಹಾಗೆಯೇ. ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆ, ಆನ್ ಆಗಿದ್ದರೆ ಅದರ ರಿಕವರಿ ಕೀ ಎಲ್ಲಿದೆ ಅಂತಲೂ ನೋಡಿ, ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್‌ನಲ್ಲಿ, ಏನಾದರೂ ಬದಲಾದರೆ ಅದು ಕೀ ಕೇಳಬಹುದು.

ಈಗ ಕಂಪ್ಯೂಟರ್ ಶಟ್‌ಡೌನ್ ಮಾಡಿ. ಸ್ಲೀಪ್ ಅಲ್ಲ, ಪೂರ್ತಿ ಆಫ್. ಗೋಡೆಯ ಸ್ವಿಚ್ ಆರಿಸಿ ಪ್ಲಗ್ಗನ್ನೇ ಕಿತ್ತುಬಿಡಿ. ಯುಪಿಎಸ್‌ಗೆ ಹಾಕಿದ್ದರೆ ಅದರಿಂದಲೂ ತೆಗೆಯಿರಿ, ಯಾಕೆಂದರೆ ಗೋಡೆಯ ಸ್ವಿಚ್ ಆರಿಸಿದರೂ ಯುಪಿಎಸ್ ಕರೆಂಟ್ ಕೊಡುತ್ತಲೇ ಇರುತ್ತದೆ. ಆಮೇಲೆ ಪವರ್ ಬಟನ್ ಅನ್ನು ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದಿರುವ ಚಾರ್ಜ್ ಇಳಿಯುತ್ತದೆ, ಕೆಲವು ಸಲ ಫ್ಯಾನ್ ಒಂದು ಕ್ಷಣ ಅಲುಗಾಡಿ ನಿಲ್ಲುವುದೂ ಕಾಣುತ್ತದೆ. ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರೊಳಗಿನ ಕೆಪಾಸಿಟರ್‌ಗಳು ಪ್ಲಗ್ ತೆಗೆದ ಮೇಲೂ ಜೋರಾಗಿ ಶಾಕ್ ಕೊಡುವಷ್ಟು ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು.

ಕ್ಯಾಬಿನೆಟ್ ಮೇಜಿನ ಮೇಲೆ ಮಲಗಿಸಿ ಪಕ್ಕದ ಮುಚ್ಚಳ ತೆಗೆಯಿರಿ. ಧೂಳಿದ್ದರೆ ಈಗಲೇ ಹೊಡೆದುಬಿಡಿ, ಆದರೆ ಬ್ಲೋವರ್ ಬಿಡುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಅದು ಜೋರಾಗಿ ತಿರುಗಬಾರದು. ಡಿಸ್ಕ್ ಮುಟ್ಟುವ ಮುಂಚೆ ಕ್ಯಾಬಿನೆಟ್‌ನ ಬಣ್ಣ ಇಲ್ಲದ ಕಬ್ಬಿಣದ ಭಾಗವನ್ನು ಒಮ್ಮೆ ಮುಟ್ಟಿ, ಕೆಲಸದ ಮಧ್ಯೆ ಮಧ್ಯೆಯೂ ಮುಟ್ಟುತ್ತಿರಿ. ಮೈಯಲ್ಲಿರುವ ಸ್ಥಾಯಿ ವಿದ್ಯುತ್ ಅಲ್ಲಿಗೆ ಹೋಗಲಿ. ಅದು ಚಟ್ ಅಂತ ಹೊಡೆದದ್ದು ನಮಗೆ ಗೊತ್ತಾಗುವುದೇ ಸುಮಾರು 3000 ವೋಲ್ಟ್ ಆದಮೇಲೆ, ಚಿಪ್‌ಗೆ ಪೆಟ್ಟು ಬೀಳಲು ಅದಕ್ಕಿಂತ ಬಹಳ ಕಡಿಮೆ ಸಾಕು.

ಡಿಸ್ಕನ್ನು ಎರಡು ಪಕ್ಕದಲ್ಲಿ ಹಿಡಿಯಿರಿ. ಕೆಳಗಿನ ಹಸಿರು ಅಥವಾ ನೀಲಿ ಬೋರ್ಡ್ ಮುಟ್ಟಬೇಡಿ. ಮೇಲ್ಗಡೆ ಒಂದು ಸಣ್ಣ ತೂತು ಇದ್ದು ಪಕ್ಕದಲ್ಲಿ ಮುಚ್ಚಬೇಡಿ ಅಂತ ಬರೆದಿದ್ದರೆ ಅದರ ಮೇಲೆ ಸ್ಟಿಕರ್ ಅಂಟಿಸಬೇಡಿ, ಅದು ಡಿಸ್ಕ್ ಉಸಿರಾಡುವ ದಾರಿ. ಕ್ಯಾಬಿನೆಟ್‌ನ ಖಾನೆಯೊಳಗೆ ತಳ್ಳಿ, ಎರಡೂ ಪಕ್ಕ ಸ್ಕ್ರೂ ಹಾಕಿ. ಸ್ಕ್ರೂ ವಿಷಯದಲ್ಲಿ ಒಂದು ಮಾತು. 3.5 ಇಂಚಿನ ಡಿಸ್ಕ್‌ಗೆ ದಪ್ಪ ಥ್ರೆಡ್ ಇರುವ ಗಿಡ್ಡ ಸ್ಕ್ರೂ ಬೇಕು. ಡಿವಿಡಿ ಡ್ರೈವ್‌ಗೂ 2.5 ಇಂಚಿನ ಎಸ್‌ಎಸ್‌ಡಿಗೂ (ತಿರುಗುವ ಭಾಗ ಇಲ್ಲದ, ಚಿಪ್‌ನ ಡಿಸ್ಕ್) ಹಾಕುವ ಎಂ3 ಸ್ಕ್ರೂ ಇದಕ್ಕೆ ಸಡಿಲವಾಗಿ ಕೂರುತ್ತದೆ, ಹಿಡಿಯುವುದಿಲ್ಲ. ಉದ್ದದ ಸ್ಕ್ರೂವನ್ನು ಬಲ ಹಾಕಿ ತಿರುಗಿಸಿದರೆ ಒಳಗೆ ಚುಚ್ಚುತ್ತದೆ. ಮೊದಲ ಎರಡು ಸುತ್ತು ಕೈಯಲ್ಲೇ ತಿರುಗಿಸಿ ನೋಡಿ, ಸಲೀಸಾಗಿ ಹೋದರೆ ಸರಿಯಾದ ಸ್ಕ್ರೂ. ಎರಡು ಡಿಸ್ಕ್ ಇದ್ದರೆ ಮಧ್ಯೆ ಒಂದು ಖಾನೆ ಖಾಲಿ ಬಿಡಿ, ಗಾಳಿ ಆಡಲಿ. ಮುಂದಿನ ಫ್ಯಾನ್ ಎದುರಿಗೆ ಬಂದರೆ ಇನ್ನೂ ಒಳ್ಳೆಯದು. ಸುಮ್ನೆ ಕ್ಯಾಬಿನೆಟ್ ತಳದಲ್ಲಿ ಇಟ್ಟು ಬಿಡುವವರಿದ್ದಾರೆ. ಅದು ಬೇಡ. ತಿರುಗುತ್ತಿರುವ ಡಿಸ್ಕ್‌ಗೆ ಒಂದು ಸಣ್ಣ ಜಾರುವಿಕೆಯೂ ಅಪಾಯ.

ಈಗ ಕೇಬಲ್. ಡೇಟಾ ಕೇಬಲ್ ಸಣ್ಣದು, ಅದರ ಬಾಯಿ ಎಲ್ ಆಕಾರದಲ್ಲಿರುತ್ತದೆ, ಒಂದೇ ದಿಕ್ಕಿನಲ್ಲಿ ಹೋಗುತ್ತದೆ. ಒಂದು ತುದಿ ಡಿಸ್ಕ್‌ಗೆ, ಇನ್ನೊಂದು ಮದರ್‌ಬೋರ್ಡ್‌ನ ಖಾಲಿ ಸಾಟಾ ಪೋರ್ಟ್‌ಗೆ. ಒಂದು ಕೇಬಲ್‌ಗೆ ಒಂದೇ ಡಿಸ್ಕ್. ನೇರವಾಗಿ ತಳ್ಳಿ, ಓರೆಯಾಗಿ ಅದುಮಿದರೆ ಡಿಸ್ಕ್ ಬದಿಯ ಪ್ಲಾಸ್ಟಿಕ್ ನಾಲಗೆ ಚಟ್ಟಂತ ಮುರಿದುಬಿಡುತ್ತದೆ. ಮದರ್‌ಬೋರ್ಡ್‌ನಲ್ಲಿ ಎಂ.2 ಎಸ್‌ಎಸ್‌ಡಿ (ಬೋರ್ಡ್‌ಗೇ ನೇರವಾಗಿ ಸಿಕ್ಕಿಸುವಂಥದ್ದು) ಇದ್ದರೆ ಬೋರ್ಡ್‌ನ ಕೈಪಿಡಿ ಒಮ್ಮೆ ನೋಡಿ. ಕೆಲವು ಬೋರ್ಡ್‌ಗಳಲ್ಲಿ ಎಂ.2 ಬಳಸಿದಾಗ ಒಂದೋ ಎರಡೋ ಸಾಟಾ ಪೋರ್ಟ್ ಕೆಲಸ ಮಾಡುವುದಿಲ್ಲ. ಡಿಸ್ಕ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಕೊಂಡೊಯ್ಯುವ ಮುಂಚೆ ಪೋರ್ಟ್ ಬದಲಿಸಿ ನೋಡಿ.

ಪವರ್ ಕೇಬಲ್ ಅಗಲವಾಗಿರುತ್ತದೆ, 15 ಪಿನ್. ಎಸ್‌ಎಂಪಿಎಸ್‌ನಿಂದ ಬರುವ ಗೊಂಚಲಲ್ಲಿ ಖಾಲಿ ಇರುವುದನ್ನು ಹುಡುಕಿ. ನಿಮ್ಮ ಎಸ್‌ಎಂಪಿಎಸ್ ಕೇಬಲ್ ಬಿಚ್ಚಿ ಹಾಕುವಂಥದ್ದಾಗಿದ್ದರೆ, ಅಂದರೆ ಮಾಡ್ಯುಲರ್ ಆಗಿದ್ದರೆ, ಅದರ ಜೊತೆ ಬಂದ ಕೇಬಲನ್ನೇ ಬಳಸಿ. ಬೇರೆ ಎಸ್‌ಎಂಪಿಎಸ್‌ನ ಕೇಬಲ್ ನೋಡಲು ಒಂದೇ ಥರ ಇರುತ್ತದೆ, ಕೂರುತ್ತದೆ ಕೂಡ. ಆದರೆ ಡಿಸ್ಕ್ ಕಡೆಯ ತುದಿಗೆ ಮಾತ್ರ ಎಲ್ಲರಿಗೂ ಒಂದೇ ಪದ್ಧತಿ ಇದೆ, ಎಸ್‌ಎಂಪಿಎಸ್ ಕಡೆಯ ಪಿನ್‌ಗಳನ್ನು ಒಬ್ಬೊಬ್ಬರು ಒಂದೊಂದು ಥರ ಇಟ್ಟಿದ್ದಾರೆ, ಕೆಲವು ಸಲ ಒಂದೇ ಕಂಪನಿಯ ಬೇರೆ ಬೇರೆ ಮಾಡೆಲ್‌ಗಳಲ್ಲೂ ಬೇರೆ ಇರುತ್ತದೆ. 5 ವೋಲ್ಟ್ ಹೋಗಬೇಕಾದ ಜಾಗಕ್ಕೆ 12 ವೋಲ್ಟ್ ಹೋದರೆ ಡಿಸ್ಕ್ ಆ ಕ್ಷಣವೇ ಸುಟ್ಟು ಹೋಗುತ್ತದೆ. ಹಳೆಯ ಡಿಸ್ಕೂ ಅದೇ ಕೇಬಲ್‌ನಲ್ಲಿ ಇದ್ದರೆ ಅದೂ ಹೋಗುತ್ತದೆ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾದದ್ದೇ ಇದು.

ಎಸ್‌ಎಂಪಿಎಸ್‌ಗೆ ಹೊರೆ ಆಗುತ್ತದಾ ಅಂದರೆ, ಹೆಚ್ಚೇನಿಲ್ಲ. ಈ ಗಾತ್ರದ ಡಿಸ್ಕ್ ತಿರುಗಲು ಶುರು ಮಾಡುವ ಕೆಲವು ಸೆಕೆಂಡು 12 ವೋಲ್ಟ್ ಲೈನ್‌ನಲ್ಲಿ 2 ಆಂಪಿಯರ್‌ವರೆಗೂ ಎಳೆಯಬಹುದು, ಅಂದರೆ 24 ವಾಟ್. ಆಮೇಲೆ ಸಾಮಾನ್ಯವಾಗಿ 10 ವಾಟ್ ಒಳಗೇ. ಒಳ್ಳೆಯ 450 ವಾಟ್ ಎಸ್‌ಎಂಪಿಎಸ್ ಇದ್ದರೆ ಯೋಚನೆ ಬೇಡ.

ಮುಚ್ಚಳ ಹಾಕುವ ಮುಂಚೆ ಒಮ್ಮೆ ಆನ್ ಮಾಡಿ, ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ ಹೊಸ ಡಿಸ್ಕ್ ಹೆಸರು ಕಾಣುತ್ತದಾ ನೋಡಿ. ಕಂಡರೆ ಹಾಗೇ ಹೊರಗೆ ಬನ್ನಿ. ಸಾಟಾ ಮೋಡ್ ಅಂತ ಇರುವುದನ್ನು ಮುಟ್ಟಬೇಡಿ, ಅದನ್ನು ಬದಲಿಸಿದರೆ ಇರುವ ವಿಂಡೋಸೇ ಏಳದೆ ಹೋಗಬಹುದು. ಬೂಟ್ ಆಗುವ ಡಿಸ್ಕ್ ಸಿಗಲಿಲ್ಲ ಅಂತ ಬಂದರೆ ಮಾತ್ರ ಬೂಟ್ ಆರ್ಡರ್‌ನಲ್ಲಿ ಹಳೆಯದನ್ನು ಮೇಲೆ ತನ್ನಿ.

ಈಗ ನಿಧಾನವಾಗಿ ಮಾಡಬೇಕಾದ ಕೆಲಸ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಹೊಸ ಡಿಸ್ಕನ್ನು ಇನಿಷಿಯಲೈಸ್, ಅಂದರೆ ಬಳಕೆಗೆ ಸಿದ್ಧ, ಮಾಡಲಾ ಅಂತ ಕೇಳುತ್ತದೆ, ಡಿಸ್ಕ್‌ನ ಭಾಗಗಳ ಪಟ್ಟಿ ಇಡುವ ಪದ್ಧತಿಗೆ ಎಂಬಿಆರ್, ಜಿಪಿಟಿ ಎರಡು ಆಯ್ಕೆ ಕೊಡುತ್ತದೆ. ಜಿಪಿಟಿ ಆರಿಸಿ. ಡಿಸ್ಕ್ 0 ಅಂದರೆ ಹಳೆಯದು, ಡಿಸ್ಕ್ 1 ಅಂದರೆ ಹೊಸದು ಅಂತ ನಂಬಿಕೊಳ್ಳಬೇಡಿ, ಯಾವ ಪೋರ್ಟ್‌ಗೆ ಹಾಕಿದ್ದೀರಿ ಅನ್ನುವುದರ ಮೇಲೆ ನಂಬರ್ ಅದಲು ಬದಲಾಗುತ್ತದೆ. ಗಾತ್ರ ನೋಡಿ. ನಿಮ್ಮ 4 ಟಿಬಿ ಅಲ್ಲಿ ಸುಮಾರು 3726 ಜಿಬಿ ಅಂತ ಕಾಣಬೇಕು, ಅದರ ಮೇಲೆ ಕಪ್ಪು ಪಟ್ಟಿ, ಅನ್‌ಅಲೊಕೇಟೆಡ್ ಅಂತ ಬರಹ. ನೀಲಿ ಪಟ್ಟಿ ಇರುವುದರಲ್ಲಿ ಡೇಟಾ ಇದೆ, ಅದರ ಹತ್ತಿರ ಹೋಗಬೇಡಿ. ನಿಮ್ಮ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಬ್ಬರೂ ಗಾತ್ರ ಓದಿ ಆಮೇಲೆ ಒತ್ತಿ.

ಕಪ್ಪು ಪಟ್ಟಿ ಮೇಲೆ ರೈಟ್ ಕ್ಲಿಕ್, ನ್ಯೂ ಸಿಂಪಲ್ ವಾಲ್ಯೂಮ್, ಫೈಲ್ ಸಿಸ್ಟಂ ಕೇಳಿದಾಗ ಎನ್‌ಟಿಎಫ್‌ಎಸ್. ಕ್ವಿಕ್ ಫಾರ್ಮ್ಯಾಟ್ ಅಂತ ಟಿಕ್ ಇರುತ್ತದೆ. ನಾನಾದರೆ ಗಿರಾಕಿಗಳ ಫೋಟೊ ಇಡುವ ಹೊಸ ಡಿಸ್ಕ್‌ಗೆ ಆ ಟಿಕ್ ತೆಗೆದು, ಒಂದು ಸಲ ಪೂರ್ತಿ ಫಾರ್ಮ್ಯಾಟ್ ಮಾಡುತ್ತೇನೆ. ಏಳೆಂಟು ಗಂಟೆ ಹಿಡಿಯಬಹುದು, ರಾತ್ರಿ ಬಿಟ್ಟು ಮಲಗಿ. ಡಿಸ್ಕ್‌ನ ಪ್ರತಿ ಮೂಲೆಯನ್ನೂ ಮುಟ್ಟಿ ನೋಡುತ್ತದೆ. ಕೆಟ್ಟ ಜಾಗ ಇದ್ದರೆ ಖಾಲಿ ಇರುವಾಗಲೇ ಗೊತ್ತಾಗಲಿ, ಅಲ್ವಾ? ಮಧ್ಯೆ ಕರೆಂಟ್ ಹೋದರೂ ನಷ್ಟವಿಲ್ಲ, ಮತ್ತೆ ಶುರು ಮಾಡಿದರಾಯಿತು.

ಇನ್ನೊಂದು ವಿಷಯ. ಎರಡನೇ ಡಿಸ್ಕ್ ಬಂತು ಅಂತ ಹೊರಗಿನ ಯುಎಸ್‌ಬಿ ಡಿಸ್ಕ್‌ನಲ್ಲಿರುವುದನ್ನು ಅಳಿಸಬೇಡಿ. ಒಂದೇ ಕ್ಯಾಬಿನೆಟ್‌ನಲ್ಲಿರುವ ಎರಡು ಡಿಸ್ಕ್‌ಗೆ ಒಂದೇ ಎಸ್‌ಎಂಪಿಎಸ್ ಕರೆಂಟ್ ಕೊಡುತ್ತದೆ, ಅದು ಕೆಟ್ಟರೆ ಎರಡೂ ಒಟ್ಟಿಗೆ ಹೋಗಬಹುದು. ವೈರಸ್ ಬಂದರೂ ಅಷ್ಟೇ.

ಶಿರಸಿಯಿಂದ: ನಮ್ಮ ತಂದೆಯವರು ಯಕ್ಷಗಾನದ ರೆಕಾರ್ಡಿಂಗ್‌ಗಳನ್ನು ಹಳೆಯ ಕಂಪ್ಯೂಟರ್‌ನಲ್ಲಿ ಇಟ್ಟಿದ್ದರು. ಕಂಪ್ಯೂಟರ್ ಕೆಟ್ಟಿದೆ. ಅದರ ಹಾರ್ಡ್ ಡಿಸ್ಕ್ ತೆಗೆದು ನನ್ನ ಡೆಸ್ಕ್‌ಟಾಪ್‌ಗೆ ಎರಡನೆಯದಾಗಿ ಹಾಕಿದೆ. ಡಿಸ್ಕ್ ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು ಅಂತ ಬರುತ್ತಿದೆ. ಮಾಡಲಾ?

ಉತ್ತರ: ದಯವಿಟ್ಟು ಬೇಡ. ಕ್ಯಾನ್ಸಲ್ ಒತ್ತಿ. ಇನಿಷಿಯಲೈಸ್ ಮಾಡಲಾ ಅಂತ ಕೇಳಿದರೂ ಬೇಡ ಅನ್ನಿ. ಅಲ್ಲಿ ಏನಿದೆ ಅಂತ ವಿಂಡೋಸ್‌ಗೆ ಓದಲು ಬರಲಿಲ್ಲ, ಅದಕ್ಕೆ ಹಾಗೆ ಕೇಳುತ್ತಿದೆ. ರೆಕಾರ್ಡಿಂಗ್‌ಗಳು ಇನ್ನೂ ಅಲ್ಲೇ ಇರುವ ಸಾಧ್ಯತೆ ಚೆನ್ನಾಗಿದೆ. ಬೂಟ್ ಆಗುವಾಗ ಡಿಸ್ಕ್ ರಿಪೇರಿ ಮಾಡುತ್ತೇನೆ ಅಂತ ವಿಂಡೋಸ್ ತಾನೇ ಶುರು ಮಾಡಿದರೆ ಅದನ್ನೂ ಕೀ ಒತ್ತಿ ನಿಲ್ಲಿಸಿ. ಸಾಯುತ್ತಿರುವ ಡಿಸ್ಕ್ ಮೇಲೆ ರಿಪೇರಿ ಓಡಿಸಿದರೆ ಇರುವುದೂ ಕದಡಿ ಹೋಗುತ್ತದೆ.

ಕಂಪ್ಯೂಟರ್ ಆಫ್ ಮಾಡಿ ಕೇಬಲ್ ಬದಲಿಸಿ ಒಮ್ಮೆ ನೋಡಿ. ಆನ್ ಮಾಡಿದಾಗ ಡಿಸ್ಕ್‌ಗೆ ಕಿವಿ ಕೊಡಿ. ಸಮವಾಗಿ ಗುಂಯ್ ಅಂದರೆ ಒಳ್ಳೆಯದು. ಟಕ್, ಟಕ್, ಟಕ್ ಅಂತ ಒಂದೇ ಲಯದಲ್ಲಿ ಹೊಡೆದುಕೊಳ್ಳುತ್ತಿದ್ದರೆ ತಕ್ಷಣ ಆಫ್ ಮಾಡಿ, ಮತ್ತೆ ಆನ್ ಮಾಡಬೇಡಿ, ಡೇಟಾ ರಿಕವರಿ ಮಾಡುವವರ ಹತ್ತಿರವೇ ಹೋಗಬೇಕು. ದುಬಾರಿ, ಆದರೆ ಆ ರೆಕಾರ್ಡಿಂಗ್ ಬೇರೆಲ್ಲೂ ಇಲ್ಲದಿದ್ದರೆ ಬೇರೆ ದಾರಿ ಇಲ್ಲ. ಸದ್ದು ಸರಿ ಇದ್ದರೆ ಮೊದಲು ಇಡೀ ಡಿಸ್ಕ್‌ನ ನಕಲು ತೆಗೆಯಬೇಕು. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅಂತ ಉಚಿತ ತಂತ್ರಾಂಶವಿದೆ, ಓದಲು ಬರುವುದನ್ನು ಮೊದಲು ಎತ್ತಿಕೊಂಡು ಕಷ್ಟದ ಜಾಗಕ್ಕೆ ಆಮೇಲೆ ಬರುತ್ತದೆ. ಯಾವ ಡಿಸ್ಕ್‌ನಿಂದ ಯಾವುದಕ್ಕೆ ಅನ್ನುವುದು ತಿರುವುಮುರುವಾದರೆ ಎಲ್ಲ ಅಳಿಸಿ ಹೋಗುತ್ತದೆ, ಅಭ್ಯಾಸ ಇರುವವರನ್ನು ಜೊತೆಗಿಟ್ಟುಕೊಳ್ಳಿ. ನಕಲು ಸಿಕ್ಕ ಮೇಲೆ, ಕಳೆದ ಪಾರ್ಟಿಷನ್, ಫೈಲ್ ಹುಡುಕಿಕೊಡುವ ಟೆಸ್ಟ್‌ಡಿಸ್ಕ್, ಫೋಟೊರೆಕ್ ತಂತ್ರಾಂಶಗಳನ್ನು ನಕಲಿನ ಮೇಲೆಯೇ ಓಡಿಸಿ. ಫೋಟೊರೆಕ್ ಹೆಸರಿಗೆ ಫೋಟೊ ಅಂತಿದ್ದರೂ ಆಡಿಯೊ ಫೈಲ್‌ಗಳನ್ನೂ ಹುಡುಕಿ ಕೊಡುತ್ತದೆ. ಸಿಕ್ಕಿದ್ದೆಲ್ಲ ಎರಡು ಕಡೆ ಇಡಿ.

ಕಲಬುರಗಿಯಿಂದ: ಕ್ಯಾಬಿನೆಟ್ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತೆ. ಮನೆಯಲ್ಲಿ ಮಕ್ಕಳಿದ್ದಾರೆ. ಹೀಗಿರುವಾಗ ಬಿಚ್ಚಿ ಡಿಸ್ಕ್ ಹಾಕಬಹುದಾ?

ಉತ್ತರ: ಪ್ಲಗ್ ಕಿತ್ತ ಮೇಲೆ ಹಾಕಬಹುದು. ಆದರೆ ಆ ಜುಮ್ ಅನ್ನುವುದನ್ನು ಹಾಗೇ ಬಿಡಬೇಡಿ. ಹೆಚ್ಚಾಗಿ ನಿಮ್ಮ ಮನೆಯ ಪ್ಲಗ್ ಪಾಯಿಂಟ್‌ಗೆ ಅರ್ಥಿಂಗ್ ಇಲ್ಲ. ಮೂರನೇ ತೂತು ಇರುತ್ತದೆ, ಹಿಂದೆ ವೈರೇ ಇರುವುದಿಲ್ಲ. ಹಳೆಯ ಮನೆಗಳಲ್ಲಿ ಇದು ಮಾಮೂಲು. ಎಸ್‌ಎಂಪಿಎಸ್ ಒಳಗೆ ಫೇಸ್ ಮತ್ತು ನ್ಯೂಟ್ರಲ್‌ನಿಂದ ಕ್ಯಾಬಿನೆಟ್ ಮೈಗೆ ಒಂದೊಂದು ಸಣ್ಣ ಕೆಪಾಸಿಟರ್ ಹಾಕಿರುತ್ತಾರೆ. ಅರ್ಥಿಂಗ್ ಇದ್ದರೆ ಅದರ ಮೂಲಕ ಬರುವ ಚೂರು ಕರೆಂಟ್ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ ಮೈಯೇ 230ರ ಅರ್ಧದಷ್ಟು, ಸುಮಾರು 115 ವೋಲ್ಟ್‌ಗೆ ಏರಿ ಕೂತಿರುತ್ತದೆ. ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುತ್ತದೆ. ಜುಮ್ ಅನ್ನುವುದಕ್ಕಿಂತ ಜೋರಾಗಿ ಹೊಡೆದರೆ ಅದು ಬೇರೆ ದೋಷ, ಆ ಕಂಪ್ಯೂಟರ್ ಬಳಸುವುದನ್ನೇ ನಿಲ್ಲಿಸಿ.

ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಮಾಡಿಸಿ. ನ್ಯೂಟ್ರಲ್‌ನಿಂದ ಒಂದು ತುಂಡು ವೈರ್ ಅರ್ಥ್ ಪಿನ್‌ಗೆ ಸೇರಿಸಿಕೊಡುತ್ತೇನೆ ಅಂದರೆ ಒಪ್ಪಬೇಡಿ. ಎಲ್ಲಾದರೂ ನ್ಯೂಟ್ರಲ್ ಕಡಿದರೆ ಕ್ಯಾಬಿನೆಟ್ ಮೈಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಮನೆಯಲ್ಲಿ ಮಕ್ಕಳಿದ್ದಾರೆ ಅಂತ ಬರೆದಿದ್ದೀರಿ. ಡಿಸ್ಕ್ ಕೆಲಸ ಒಂದು ವಾರ ತಡವಾದರೂ ಪರವಾಗಿಲ್ಲ, ಇದು ಮೊದಲು ಆಗಲಿ.

ತುಮಕೂರಿನಿಂದ: 4 ಟಿಬಿ ಡಿಸ್ಕ್ ಹಾಕಿದೆ, 2 ಟಿಬಿ ಮಾತ್ರ ಬಳಸೋಕೆ ಬರ್ತಿದೆ. ಮೋಸ ಹೋದೆನಾ?

ಉತ್ತರ: ಇಲ್ಲ. ಎಂಬಿಆರ್ ಆರಿಸಿದ್ದೀರಿ. ಅದು 512 ಬೈಟ್‌ನ ಸೆಕ್ಟರ್‌ಗಳನ್ನು 32 ಬಿಟ್ ಸಂಖ್ಯೆಯಲ್ಲಿ ಎಣಿಸುತ್ತದೆ, ಹಾಗಾಗಿ 2048 ಜಿಬಿ ದಾಟಿ ಎಣಿಸಲು ಬರುವುದಿಲ್ಲ. ಉಳಿದ ಸುಮಾರು 1678 ಜಿಬಿ ಕಪ್ಪು ಪಟ್ಟಿಯಾಗಿ ಸುಮ್ಮನೆ ಬಿದ್ದಿರುತ್ತದೆ. ಹಾಕಿರುವ ಫೈಲ್‌ಗಳನ್ನು ಬೇರೆ ಕಡೆಗೆ ಕಾಪಿ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ವಾಲ್ಯೂಮ್ ಅಳಿಸಿ, ಎಡಗಡೆ ಡಿಸ್ಕ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಜಿಪಿಟಿಗೆ ಬದಲಿಸಿ. ಆಮೇಲೂ 4 ಅಂತ ಕಾಣುವುದಿಲ್ಲ, 3.63 ಟಿಬಿ ಅಂತ ಕಾಣುತ್ತದೆ. ಕಂಪನಿ ಸಾವಿರದ ಲೆಕ್ಕದಲ್ಲಿ ಮಾರುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸುತ್ತದೆ.

ಮಂಗಳೂರಿನಿಂದ: ಆಫೀಸಿನ ಬ್ರ್ಯಾಂಡೆಡ್ ಸಣ್ಣ ಕ್ಯಾಬಿನೆಟ್. ಖಾಲಿ ಪವರ್ ಕೇಬಲ್ಲೇ ಇಲ್ಲ. ಹಳೆಯ ನಾಲ್ಕು ಪಿನ್‌ನಿಂದ ಸಾಟಾಕ್ಕೆ ಬದಲಿಸುವ ಅಡಾಪ್ಟರ್ ಹಾಕು ಅಂತಾರೆ.

ಉತ್ತರ: ಆ ಅಡಾಪ್ಟರ್‌ಗಳಲ್ಲಿ ಎರಡು ಥರ. ಒಂದರಲ್ಲಿ ಸಾಟಾ ತುದಿ ಒಂದೇ ಅಚ್ಚಿನ ಪ್ಲಾಸ್ಟಿಕ್ ಗಟ್ಟಿ, ವೈರ್‌ಗಳು ಒಳಗೆ ಹುದುಗಿರುತ್ತವೆ. ಅದನ್ನು ಹಾಕಬೇಡಿ. ಅಚ್ಚು ಹೊಯ್ಯುವಾಗ ವೈರ್‌ಗಳು ಹತ್ತಿರ ಸರಿದಿದ್ದರೆ ಕಾಲಕ್ರಮದಲ್ಲಿ ಶಾರ್ಟ್ ಆಗಿ ಕರಗಿ ಹೊತ್ತಿಕೊಂಡಿರುವ ಉದಾಹರಣೆಗಳಿವೆ. ಇನ್ನೊಂದರಲ್ಲಿ ಹಿಂದಿನ ಮುಚ್ಚಳ ಬೇರೆ ಇದ್ದು, ಪ್ರತಿ ವೈರ್ ತನ್ನ ಗೂಡಿನಲ್ಲಿ ಬೇರೆ ಬೇರೆ ಕೂತಿರುವುದು ಕಾಣುತ್ತದೆ, ಅದು ಎಷ್ಟೋ ವಾಸಿ. ನಿಮ್ಮಂಥ ಸಣ್ಣ ಕ್ಯಾಬಿನೆಟ್‌ಗಳಲ್ಲಿ ಡಿಸ್ಕ್‌ನ ಪವರ್ ಮದರ್‌ಬೋರ್ಡ್‌ನಿಂದಲೇ ಬರುವುದೂ ಉಂಟು, ಅದಕ್ಕೆ ಆ ಮಾಡೆಲ್‌ನದೇ ಕೇಬಲ್ ಬೇಕು. ಕಂಪನಿಗೆ ಫೋನ್ ಮಾಡಿ ಕೇಳಿ, ಬಿಚ್ಚಿದರೆ ವಾರಂಟಿ ಏನಾಗುತ್ತದೆ ಅಂತಲೂ ಅದೇ ಫೋನಿನಲ್ಲಿ ಕೇಳಿ. ಇಷ್ಟು ರಗಳೆ ಬೇಡ ಅನ್ನಿಸಿದರೆ ಯುಎಸ್‌ಬಿ ಡಿಸ್ಕ್ ತೆಗೆದುಕೊಳ್ಳಿ, ಆಫೀಸಿನ ಫೈಲ್‌ಗಳಿಗೆ ಧಾರಾಳ ಸಾಕು.

ಮೈಸೂರಿನಿಂದ: ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿ, ಹಳೆಯ ಹಾರ್ಡ್ ಡಿಸ್ಕನ್ನು ಫೈಲ್‌ಗಳಿಗೆ ಉಳಿಸಿಕೊಳ್ಳಬೇಕು ಅಂತಿದ್ದೇನೆ.

ಉತ್ತರ: ವಿಂಡೋಸ್ ಹಾಕುವಾಗ ಹಳೆಯ ಡಿಸ್ಕ್‌ನ ಕೇಬಲ್ ತೆಗೆದಿಡಿ. ಎರಡೂ ಇದ್ದರೆ ವಿಂಡೋಸ್ ಎಸ್‌ಎಸ್‌ಡಿಗೆ ಹೋಗಿ, ಅದನ್ನು ಎಬ್ಬಿಸುವ ಸಣ್ಣ ಬೂಟ್ ಪಾರ್ಟಿಷನ್ ಹಳೆಯ ಡಿಸ್ಕ್‌ನಲ್ಲೇ ಉಳಿಯಬಹುದು, ಮುಂದೊಂದು ದಿನ ಹಳೆಯದನ್ನು ತೆಗೆದಾಗ ಕಂಪ್ಯೂಟರ್ ಏಳುವುದಿಲ್ಲ. ಕೇಬಲ್ ತೆಗೆದಿಟ್ಟರೆ ತಪ್ಪು ಡಿಸ್ಕ್ ಅಳಿಸುವ ಭಯವೂ ಇರುವುದಿಲ್ಲ. ಇನ್‌ಸ್ಟಾಲ್ ಮುಗಿದ ಮೇಲೆ ಆಫ್ ಮಾಡಿ, ಪ್ಲಗ್ ತೆಗೆದು, ಕೇಬಲ್ ಹಾಕಿ.

ಬೆಂಗಳೂರಿನಿಂದ: ಎಸ್‌.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಡಿಸ್ಕ್ ಕಡಿಮೆಗೆ ಸಿಗುತ್ತಿದೆ. ತಗೋಬಹುದಾ?

ಉತ್ತರ: ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬಹುದಾದ ಸಿನಿಮಾ, ಗೇಮ್ ಇಡಲು ಆದರೆ ತೆಗೆದುಕೊಳ್ಳಿ, ಮನೆಯವರ ಫೋಟೊಗೆ ಬೇಡ. ಅಂಗಡಿಯಲ್ಲೇ ಹಾಕಿ ತೋರಿಸಲು ಹೇಳಿ, ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೊ ಅನ್ನುವ ತಂತ್ರಾಂಶ ಓಡಿಸಿ. 05, ಸಿ5, ಸಿ6 ಈ ಮೂರು ಸಾಲಿನ ಕೊನೆಯ ಸಂಖ್ಯೆ ಸೊನ್ನೆ ಇರಬೇಕು. 05 ಅಂದರೆ ಕೆಟ್ಟು ಬದಲಿ ಕೊಟ್ಟ ಜಾಗಗಳು, ಸಿ5 ಅಂದರೆ ಓದಲು ಕಷ್ಟವಾಗಿ ಕಾಯುತ್ತಿರುವವು, ಸಿ6 ಅಂದರೆ ಸರಿಪಡಿಸಲು ಬಾರದವು. ಆ ಸಂಖ್ಯೆಗಳು ಮಾಮೂಲಿಯಾಗಿ ಹೆಕ್ಸ್, ಅಂದರೆ ಹದಿನಾರರ, ಲೆಕ್ಕದಲ್ಲಿ ಕಾಣುತ್ತವೆ, ಸೆಟ್ಟಿಂಗ್ಸ್‌ನಲ್ಲಿ ಹತ್ತರ ಲೆಕ್ಕಕ್ಕೆ ಬದಲಿಸಿಕೊಳ್ಳಿ. ಸೀಗೇಟ್ ಡಿಸ್ಕ್‌ನಲ್ಲಿ 01, 07 ಸಾಲುಗಳಲ್ಲಿ ದೊಡ್ಡ ದೊಡ್ಡ ಸಂಖ್ಯೆ ಇದ್ದರೆ ಗಾಬರಿ ಬೇಡ, ಅದು ಹಾಗೆಯೇ. ಎಷ್ಟು ಗಂಟೆ ಓಡಿದೆ ಅನ್ನುವುದನ್ನು ಮಾತ್ರ ಪೂರ್ತಿ ನಂಬಬೇಡಿ, ಅದನ್ನು ಸೊನ್ನೆ ಮಾಡಿ ಮಾರುವವರಿದ್ದಾರೆ. ಪಿನ್ ಮತ್ತು ಸ್ಕ್ರೂ ತೂತಿನ ಸುತ್ತ ಸವೆದ ಗೀರು ಇದೆಯಾ, ಲೇಬಲ್ ಮೇಲಿನ ತಾರೀಖು ಏನು, ನೀವೇ ನೋಡಿ.

ಹಾಸನದಿಂದ: ಹೊಸದಾಗಿ ಹಾಕಿದ ಡಿಸ್ಕ್ ಕೆಲಸ ಮಾಡುತ್ತಾ ಮಾಡುತ್ತಾ ಮಾಯ ಆಗುತ್ತೆ. ರೀಸ್ಟಾರ್ಟ್ ಮಾಡಿದರೆ ಬರುತ್ತೆ.

ಉತ್ತರ: ಮೇಲೆ ಹೇಳಿದ ಕ್ರಿಸ್ಟಲ್ ಡಿಸ್ಕ್ ಇನ್ಫೊದಲ್ಲೇ ಸಿ7 ಸಾಲು ನೋಡಿ, ಅದು ಡೇಟಾ ಸಾಗುವಾಗ ಆದ ತಪ್ಪುಗಳ ಎಣಿಕೆ, ಸಂಖ್ಯೆ ಬರೆದಿಟ್ಟುಕೊಂಡು, ಒಂದು ದೊಡ್ಡ ಫೋಲ್ಡರ್ ಕಾಪಿ ಮಾಡಿ ಮತ್ತೆ ನೋಡಿ. ಏರಿದ್ದರೆ ತೊಂದರೆ ಹೆಚ್ಚಾಗಿ ಡೇಟಾ ಕೇಬಲ್‌ನದು. ಕ್ಲಿಪ್ ಇರುವ ಹೊಸ ಕೇಬಲ್ ಹಾಕಿ, ಚೂಪಾಗಿ ಮಡಚಬೇಡಿ, ಬೇರೆ ಪೋರ್ಟ್‌ಗೆ ಕೊಡಿ. ಹಳೆಯ ಎಣಿಕೆ ಅಳಿಸುವುದಿಲ್ಲ, ಇನ್ನು ಮುಂದೆ ಏರದಿದ್ದರೆ ಸಾಕು. ಸಿ7 ಏರದೆಯೂ ಮಾಯವಾಗುತ್ತಿದ್ದರೆ ಪವರ್ ಕಡೆ ನೋಡಿ. ಎಸ್‌ಎಂಪಿಎಸ್‌ನ ಬೇರೆ ಸಾಲಿನ ಕೇಬಲ್‌ಗೆ ಹಾಕಿ ಒಂದೆರಡು ದಿನ ಓಡಿಸಿ. ಆಗಲೂ ಹೋಗುತ್ತಿದ್ದರೆ ಸ್ನೇಹಿತರ ಕಂಪ್ಯೂಟರ್‌ಗೆ ಹಾಕಿ ನೋಡಿ. ಅಲ್ಲೂ ಮಾಯವಾದರೆ ಡಿಸ್ಕ್‌ನದೇ ದೋಷ, ಫೈಲ್‌ಗಳನ್ನು ತೆಗೆದುಕೊಂಡು ವಾರಂಟಿಗೆ ಕೊಡಿ. ಅಲ್ಲಿ ಸರಿಯಾಗಿ ಓಡಿದರೆ ನಿಮ್ಮ ಎಸ್‌ಎಂಪಿಎಸ್ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಆ ಡಿಸ್ಕ್‌ಗೆ ಹೊಸದೇನನ್ನೂ ಹಾಕಬೇಡಿ.